ಟಪಾಲಿನ ಓಟು: ಐದು ದಿನಗಳ ವಾಯಿದೆ ಸಾಲದು

ಚುನಾವಣೆಯ ಮಾತೆದ್ದಾಗಲೆಲ್ಲ ನಮ್ಮ ಪೌರರು ಅಭ್ಯರ್ಥಿಗಳ ಗುಣಾವಗುಣಗಳನ್ನೂ ಪಕ್ಷಗಳ ಬಲಾಬಲಗಳನ್ನೂ ತೂಗಿ ನೋಡುವುದರಲ್ಲಿಯೇ ಮಗ್ನರಾಗಿರುವುದು ವಾಡಿಕೆ. ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳ ಜಗಲಿಗಳ ಮೇಲಾಗಲಿ, ಹರಿಹರದ ಹೋಟೆಲುಗಳಲ್ಲಾಗಲಿ, ಯಾರು ಗೆದ್ದಾರು, ಎಷ್ಟು ಅಂತರದಿಂದ ಗೆದ್ದಾರು ಎಂದು ಪಂಥ ಕಟ್ಟುವವರಿಗೆ ಕೊರತೆಯಿಲ್ಲ. ಆದರೆ ತಮ್ಮ ಸ್ವಂತ ಹೆಸರು ಪಟ್ಟಿಯಲ್ಲಿ ಉಂಟೋ ಇಲ್ಲವೋ, ಹಾಸಿಗೆ ಹಿಡಿದ ತಾಯಿಯ ಓಟು ಎಣಿಕೆಯ ಮೇಜನ್ನು ಸೇರುವ ಬಗೆ ಯಾವುದು, ಗಡಿಯಲ್ಲಿರುವ ಮಗನ ಲಕೋಟೆ ಸಕಾಲಕ್ಕೆ ಬಂದೀತೋ ಇಲ್ಲವೋ ಎಂದು ವಿಚಾರಿಸುವವರು ವಿರಳ. ಇವುಗಳನ್ನು ವಿಚಾರಿಸಬೇಕಾದ ಕಾಲವಾದರೋ ಚುನಾವಣೆಯ ಗದ್ದಲವೇಳುವುದಕ್ಕೆ ಮುಂಚಿನದು; ಗದ್ದಲವೆದ್ದ ಮೇಲೆ ವಿಚಾರಿಸಿದವರಿಗೆ ದೊರೆಯುವ ಉತ್ತರ ಸಾಮಾನ್ಯವಾಗಿ ‘ವಾಯಿದೆ ಮುಗಿಯಿತು’ ಎಂಬುದೇ. ಟಪಾಲಿನ ಮೂಲಕ ಓಟು ಕೊಡುವ ಏರ್ಪಾಡಿನ ವಿಷಯದಲ್ಲಿ ನಾವು ಇಂದು ವಾಚಕರ ಮುಂದೆಯೂ ಅಧಿಕಾರಿವರ್ಗದವರ ಮುಂದೆಯೂ ಕೆಲವು ಸಂಗತಿಗಳನ್ನು ಇಡಬಯಸುತ್ತೇವೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಕರಾವಳಿಯಲ್ಲಿ ಆರೆಗಾನ್ ಎಂಬ ಸಂಸ್ಥಾನವುಂಟು. ಅಲ್ಲಿಯ ಪ್ರಜೆಗಳು 1998ರಲ್ಲಿ ತಾವೇ ಮತ ಕೊಟ್ಟು, ಮತಗಟ್ಟೆಗಳನ್ನು ಕೈಬಿಟ್ಟು ಟಪಾಲಿನಿಂದಲೇ ಚುನಾವಣೆ ನಡೆಯತಕ್ಕದ್ದೆಂದು ವಿಧಿಸಿಕೊಂಡರು. 2000ದ ಅಧ್ಯಕ್ಷ ಚುನಾವಣೆ ಈ ಕ್ರಮದಿಂದಲೇ ಅಲ್ಲಿ ನಡೆಯಿತು. ತರುವಾಯ ವಾಷಿಂಗ್ಟನ್, ಕೊಲರಾಡೊ ಮೊದಲಾದ ಸಂಸ್ಥಾನಗಳೂ ಇದೇ ಹಾದಿಯನ್ನು ಹಿಡಿದವು. ಚುನಾವಣೆಗೆ 21 ದಿನಗಳಿಗೆ ಮೊದಲು ಆರೆಗಾನಿನ ಪಟ್ಟಿಯಲ್ಲಿ ಹೆಸರು ಬರೆಯಿಸಿದವರ ಮನೆಗೆ ಮತಪತ್ರವು ತಾನಾಗಿಯೇ ಬರುತ್ತದೆ. ಅದಕ್ಕಾಗಿ ಬೇರೆ ಅರ್ಜಿಯಿಲ್ಲ. ಓಟುದಾರನು ಮನೆಯಲ್ಲಿಯೇ ಕುಳಿತು ಗುರುತು ಹಾಕಿ, ಲಕೋಟೆಯ ಮೇಲೆ ರುಜು ಮಾಡಿ, ಅಂಚೆಗಾಗಲಿ ಅದಕ್ಕೆಂದೇ ಇಟ್ಟ ಪೆಟ್ಟಿಗೆಗಾಗಲಿ ಹಾಕಿದರೆ ತೀರಿತು. ಆ ರುಜುವನ್ನು ನೋಂದಣಿಯ ರುಜುವಿನೊಡನೆ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಓಟನ್ನು ಕೂಡಲೇ ಕಸದ ಬುಟ್ಟಿಗೆ ಹಾಕುವುದಿಲ್ಲ. ಓಟುದಾರನಿಗೆ ತಿಳಿಸಿ, ಸರಿಪಡಿಸಿಕೊಳ್ಳಲು ಗೊತ್ತಾದ ಅವಧಿಯನ್ನು ಕೊಡುತ್ತಾರೆ. ಈ ಕಡೆಯ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ; ಮುಂದೆ ಇದರಿಂದ ನಮಗೆ ಪ್ರಯೋಜನವುಂಟು.

ಅಲ್ಲಿ ನಡೆದದ್ದು ಇಲ್ಲಿಯೂ ಏತಕ್ಕೆ ನಡೆಯಬಾರದು ಎಂದು ನಮ್ಮ ವಿದ್ಯಾವಂತ ತರುಣರು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ಆದರೆ ಅಂಚೆಯ ಓಟು ನಿಂತಿರುವುದು ಅಂಚೆಯವನ ಕಾಲಿನ ಮೇಲಲ್ಲ, ಪಟ್ಟಿಯ ಶುದ್ಧತೆಯ ಮೇಲೆ. ಪಟ್ಟಿಯಲ್ಲಿ ಸತ್ತವರ ಹೆಸರಿದ್ದರೆ ಸತ್ತವರ ಮನೆಗೂ ಮತಪತ್ರ ಹೋದೀತು. ಬದುಕಿರುವವರ ಹೆಸರಿಲ್ಲದಿದ್ದರೆ ಅವರ ಮನೆಯ ಮುಂದೆ ಅಂಚೆಯವನು ನಿಲ್ಲದೆ ಹೋದಾನು. ಆದುದರಿಂದ ಟಪಾಲಿನ ಮಾತನ್ನು ಆಡುವುದಕ್ಕೆ ಮೊದಲು ಪಟ್ಟಿಯ ಮಾತನ್ನು ಆಡಬೇಕು.

ಹಿಂದಣ ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆಯು 1881ರಷ್ಟು ಹಿಂದೆಯೇ ಕೂಡಿತೆಂದು ನಾವು ಹೆಮ್ಮೆಪಟ್ಟುಕೊಳ್ಳುವುದುಂಟಷ್ಟೆ. ಮುಂದೆ ಅದಕ್ಕೆ ಚುನಾವಣೆ ಬಂದಾಗಲೂ ಓಟಿನ ಹಕ್ಕು ಇದ್ದುದು ಕಂದಾಯ ಕಟ್ಟುವವನಿಗೆ, ಆಸ್ತಿವಂತನಿಗೆ, ಪದವಿ ಪಡೆದವನಿಗೆ. ಉಳಿದ ಕೋಟಿ ಜನಕ್ಕೆ ಅದು ದೂರದ ಬೆಟ್ಟ. ಸ್ವರಾಜ್ಯ ಬಂದ ಮೇಲೆ ರಾಜ್ಯಾಂಗವು ಬಡವ ಬಲ್ಲಿದ, ಹೆಣ್ಣು ಗಂಡು ಎಂಬ ಭೇದವಿಲ್ಲದೆ ಪ್ರಾಪ್ತವಯಸ್ಕರೆಲ್ಲರಿಗೂ ಓಟನ್ನು ಕೊಟ್ಟಿತು. ಹಾಗಿದ್ದರೂ 1951-52ರ ಪ್ರಥಮ ಮಹಾಚುನಾವಣೆಯ ಪಟ್ಟಿಗಳನ್ನು ತಯಾರಿಸುವಾಗ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳನ್ನು ಬಿಡಬೇಕಾಯಿತು. ಅವರು ಮಾಡಿದ ಅಪರಾಧವೇನು? ಲೆಕ್ಕ ಬರೆಯಲು ಬಂದವರಿಗೆ ತಮ್ಮ ಹೆಸರನ್ನು ಹೇಳದೆ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಹೇಳಿದರು. ಉತ್ತರ ಹಿಂದೂಸ್ಥಾನದ ಪ್ರಾಂತಗಳಲ್ಲಿ ಈ ದೋಷ ಹೆಚ್ಚಾಗಿತ್ತು. ಆಗಿನ ಮುಖ್ಯ ಚುನಾವಣಾ ಕಮಿಷನರಾದ ಸುಕುಮಾರ ಸೇನರು ಹೆಸರಿಲ್ಲದ ಓಟುದಾರರನ್ನು ಒಪ್ಪಲಿಲ್ಲ. ಹಕ್ಕು ರಾಜ್ಯಾಂಗದಲ್ಲಿತ್ತು, ಹೆಸರು ಪಟ್ಟಿಯಲ್ಲಿರಲಿಲ್ಲ, ಓಟು ಹೋಯಿತು.

ಅದು ಹಳೆಯ ಮಾತೆಂದು ಯಾರೂ ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ನಮ್ಮ ಕರ್ನಾಟಕದಲ್ಲಿಯೇ, 2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 6,018 ಜನರ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕೆಂದು ನಮೂನೆ 7ರಲ್ಲಿ ಅರ್ಜಿಗಳು ಬಂದವು. ಸ್ಥಳದಲ್ಲಿ ವಿಚಾರಣೆ ನಡೆಸಿದಾಗ ಸರಿಯೆಂದು ಕಂಡವು 24 ಮಾತ್ರ. ಮಿಕ್ಕ 5,994 ಹೆಸರುಗಳು ಉಳಿದುವಾದರೂ ಅವು ಉಳಿದದ್ದು ಯಾರೋ ಎಚ್ಚರಗೊಂಡು ಕೇಳಿದ್ದರಿಂದ. ಇನ್ನು ಬಿಹಾರದಲ್ಲಿ 2025ರ ವಿಶೇಷ ತೀವ್ರ ಪರಿಷ್ಕರಣೆಯ ಕರಡು ಪಟ್ಟಿ ಆಗಸ್ಟ್ 1ರಂದು ಹೊರಬಿದ್ದಾಗ ಸುಮಾರು 65 ಲಕ್ಷ ಹೆಸರುಗಳು ಅದರಲ್ಲಿರಲಿಲ್ಲ. ಬಿಟ್ಟುಹೋದವರ ಹೆಸರನ್ನೂ ಕಾರಣವನ್ನೂ ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ಅಪ್ಪಣೆ ಮಾಡಬೇಕಾಯಿತು. ಈ ಪರಿಷ್ಕರಣೆಯನ್ನು ಇಡೀ ದೇಶಕ್ಕೆ ವಿಸ್ತರಿಸುವುದಾಗಿ ಆಯೋಗವು ಮೊದಲೇ ಸಾರಿದೆ. ಪರಿಷ್ಕರಣೆ ಬೇಡವೆಂದು ನಾವು ಹೇಳುವವರಲ್ಲ. ಸತ್ತವರ ಹೆಸರು ಹೋಗಲೇಬೇಕು. ಇರುವವರ ಹೆಸರು ಅದರೊಂದಿಗೆ ಕೊಚ್ಚಿಹೋಗಬಾರದು, ಅಷ್ಟೇ.

ದಾವಣಗೆರೆ ಹರಿಹರಗಳ ಜನಕ್ಕೆ ಪಟ್ಟಿಯ ವಿಷಯದಲ್ಲಿ ವಿಶೇಷ ತೊಡಕುಗಳಿವೆ. ಹರಿಹರವನ್ನೇ ತೆಗೆದುಕೊಳ್ಳಿ. ತುಂಗಭದ್ರೆಯ ಈಚೆ ದಡ ಹರಿಹರ, ಆಚೆ ದಡ ಕುಮಾರಪಟ್ಟಣ. 1956ರ ಏಕೀಕರಣಕ್ಕೆ ಮುಂಚೆ ನದಿಯೇ ಎರಡು ರಾಜ್ಯಗಳ ಗಡಿ; ಈಚೆ ಮೈಸೂರು, ಆಚೆ ಮುಂಬಯಿ. ಕನ್ನಡಿಗರೆಲ್ಲ ಒಂದಾದರು, ಆದರೆ ಚುನಾವಣೆಯ ಗಡಿ ನದಿಯನ್ನು ಬಿಟ್ಟಿಲ್ಲ. ಆಚೆ ದಡದವರು ರಾಣೆಬೆನ್ನೂರು ವಿಧಾನಸಭಾ ಕ್ಷೇತ್ರ, ಹಾವೇರಿ ಲೋಕಸಭಾ ಕ್ಷೇತ್ರ. ಈಚೆಯವರು ಹರಿಹರ ಕ್ಷೇತ್ರ, ದಾವಣಗೆರೆ ಲೋಕಸಭಾ ಕ್ಷೇತ್ರ. ಆಚೆಯ ಕಾರ್ಖಾನೆಗಳಲ್ಲಿ ದುಡಿದು ಈಚೆ ಮಲಗುವ ಸಂಸಾರಗಳು ಬಹಳ. 1950ರ ಪ್ರಜಾಪ್ರಾತಿನಿಧ್ಯ ಕಾನೂನಿನ ಮಾತು ‘ಸಾಮಾನ್ಯವಾಗಿ ವಾಸಿಸುವ ಸ್ಥಳ’ ಎಂಬುದು. ದುಡಿಯುವ ಸ್ಥಳವಲ್ಲ, ಮನೆಯಿರುವ ಊರಲ್ಲದೆ ಅಲ್ಲಿ ಮನೆಯನ್ನು ಹೊಂದಿರುವುದಷ್ಟೇ ಸಾಲದೆಂದೂ ಕಾನೂನು ಹೇಳುತ್ತದೆ. ಎರಡು ದಡದಲ್ಲಿಯೂ ಹೆಸರಿಟ್ಟುಕೊಂಡರೆ ಎರಡು ಓಟಿಲ್ಲ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಒಂದು ವರ್ಷದವರೆಗೆ ಸಜೆಯುಂಟು.

ದಾವಣಗೆರೆ ನಗರದಲ್ಲಿ ತೊಡಕು ಬೇರೆ ಬಗೆಯದು. 2008ರಿಂದ ನಗರವು ಉತ್ತರ, ದಕ್ಷಿಣ ಎಂದು ಎರಡು ವಿಧಾನಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ಹಳೆಯ ಪೇಟೆಯ ಬಾಡಿಗೆ ಮನೆಯನ್ನು ಬಿಟ್ಟು ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡವನು ಗೃಹಪ್ರವೇಶಕ್ಕೆ ಸಾವಿರ ಜನರನ್ನು ಕರೆದಾನು. ನಮೂನೆ 8ನ್ನು ತುಂಬಿ ಹೆಸರನ್ನು ವರ್ಗಾಯಿಸಿಕೊಳ್ಳಲು ಮರೆತಾನು. ಹಿಂದೆ ಇದಕ್ಕೆ ಹಲವು ನಮೂನೆಗಳಿದ್ದುವು. 2022ರ ತರುವಾಯ ವಿಳಾಸ ಬದಲು, ತಪ್ಪು ತಿದ್ದುಪಡಿ, ಗುರುತಿನ ಚೀಟಿಯ ನಕಲು ಎಲ್ಲಕ್ಕೂ ನಮೂನೆ 8 ಒಂದೇ. ಹೊಸದಾಗಿ ಸೇರುವವರಿಗೆ ನಮೂನೆ 6. ವಿದ್ಯಾರ್ಥಿನಿಲಯಗಳಿಂದ ತುಂಬಿರುವ ನಮ್ಮ ಊರಿನಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು: ಹದಿನೆಂಟು ತುಂಬಿದ ವಿದ್ಯಾರ್ಥಿಯು ತಂದೆತಾಯಿಗಳ ಊರಿನಲ್ಲಾಗಲಿ ತಾನು ಓದುತ್ತಿರುವ ಊರಿನಲ್ಲಾಗಲಿ ಹೆಸರು ಬರೆಯಿಸಬಹುದು, ಎರಡರಲ್ಲಿ ಒಂದು ಕಡೆ. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬದಿದ್ದವರು ವರ್ಷವೆಲ್ಲ ಕಾಯಬೇಕಾಗಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ತಾರೀಖುಗಳು ನಾಲ್ಕೂ ಅರ್ಹತೆಯ ದಿನಗಳಾಗಿವೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಟ್ಟಿಡಬಹುದು.

ವಾಯಿದೆಯ ವಿಷಯದಲ್ಲಿ ಬಹುಜನಕ್ಕೆ ಒಂದು ಭ್ರಾಂತಿಯುಂಟು. ಚುನಾವಣೆಯ ದಿನದವರೆಗೂ ಹೆಸರು ಸೇರಿಸುತ್ತಾರೆಂದು ಅವರು ತಿಳಿದಿದ್ದಾರೆ. ಕಾನೂನಿನಂತೆ ನಾಮಪತ್ರ ಸಲ್ಲಿಸುವ ಕಡೆಯ ದಿನದ ಮೇಲೆ ಪಟ್ಟಿಯನ್ನು ಮುಟ್ಟುವಂತಿಲ್ಲ. ಆಕ್ಷೇಪಣೆಗೆ ಅವಕಾಶ ಕೊಡಬೇಕಾದುದರಿಂದ ಅದಕ್ಕೂ ಹತ್ತು ದಿನ ಮುಂಚೆ ಅರ್ಜಿ ತಲಪಿರಬೇಕೆಂಬುದು ನಡೆದುಬಂದ ಪದ್ಧತಿ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಕ್ಷೇತ್ರದ ಮತದಾನ ಮೇ 7ಕ್ಕೆ. ನಾಮಪತ್ರದ ಕಡೆಯ ದಿನ ಏಪ್ರಿಲ್ 19. ಹತ್ತು ದಿನ ಹಿಂದಕ್ಕೆಣಿಸಿದರೆ ಏಪ್ರಿಲ್ 9. ಅಂದು ಯುಗಾದಿ. ಬೇವುಬೆಲ್ಲ ತಿಂದು, ಪಂಚಾಂಗ ಶ್ರವಣ ಮಾಡಿ, ನಾಳೆ ಹೋದರಾಯಿತೆಂದುಕೊಂಡವರ ಓಟು ಆ ಸಂವತ್ಸರದ ಮಟ್ಟಿಗೆ ಅಲ್ಲಿಗೇ ತೀರಿತು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ಟಪಾಲಿನ ಓಟು ಎಲ್ಲರ ಹಕ್ಕಲ್ಲ. ಗೊತ್ತಾದ ಕೆಲವು ವರ್ಗದವರಿಗೆ ಕೊಟ್ಟ ಸೌಕರ್ಯ. ಸೈನಿಕರು, ತಮ್ಮ ರಾಜ್ಯದ ಹೊರಗೆ ಸೇವೆಯಲ್ಲಿರುವ ಸಶಸ್ತ್ರ ಪೊಲೀಸಿನವರು, ಪರದೇಶದಲ್ಲಿ ನೇಮಕಗೊಂಡಿರುವ ಸರ್ಕಾರಿ ನೌಕರರು, ಚುನಾವಣೆಯ ಕೆಲಸಕ್ಕೆ ನಿಯುಕ್ತರಾದ ಅಧಿಕಾರಿಗಳು ಮತ್ತು ಉಪಾಧ್ಯಾಯರು, ಮುಂಜಾಗ್ರತಾ ಬಂಧನದಲ್ಲಿರುವವರು, ಆಯೋಗವು ಪ್ರಕಟಿಸಿದ ಅಗತ್ಯ ಸೇವೆಗಳವರು. ಇವರೊಂದಿಗೆ, 2019ರ ನಿಯಮ ತಿದ್ದುಪಡಿಯಿಂದೀಚೆಗೆ, ಅತಿವೃದ್ಧರು ಮತ್ತು ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರು. ಕರ್ನಾಟಕದ ಸಾರ್ವತ್ರಿಕ ವಿಧಾನಸಭಾ ಚುನಾವಣೆಯಲ್ಲಿ ಈ ಕಡೆಯ ಎರಡು ವರ್ಗದವರು ಮನೆಯಿಂದಲೇ ಓಟು ಕೊಟ್ಟದ್ದು 2023ರಲ್ಲಿ ಮೊದಲ ಸಲ.

ಆಗ ವಯಸ್ಸಿನ ಮಿತಿ 80 ಆಗಿತ್ತು. ಮರುವರ್ಷ, ಲೋಕಸಭಾ ಚುನಾವಣೆಯ ಹೊಸ್ತಿಲಿನಲ್ಲಿ, ನಿಯಮವನ್ನು ತಿದ್ದಿ ಅದನ್ನು 85ಕ್ಕೆ ಏರಿಸಿದರು. ಇದರ ಫಲವನ್ನು ವಾಚಕರು ಸ್ವಲ್ಪ ಆಲೋಚಿಸಬೇಕು. 2023ರಲ್ಲಿ 81 ವರ್ಷದ ಮುದುಕಿಯೊಬ್ಬಳು ಕುರ್ಚಿಯಲ್ಲಿ ಕುಳಿತಲ್ಲಿಯೇ, ಅಧಿಕಾರಿಗಳು ಮನೆಗೆ ಬಂದು ಮರ್ಯಾದೆಯಿಂದ ನಿಂತಿರಲು, ತನ್ನ ಓಟನ್ನು ಕೊಟ್ಟಳು. ಹನ್ನೆರಡು ತಿಂಗಳು ಕಳೆದು 82 ಆದಾಗ, ಮಂಡಿ ಇನ್ನಷ್ಟು ಸವೆದಾಗ, ಮೇ ತಿಂಗಳಿನ ಬಿಸಿಲಿನಲ್ಲಿ ಮತಗಟ್ಟೆಗೆ ನಡೆದು ಬಾ ಎಂದು ಆಕೆಗೆ ಹೇಳಿದಂತಾಯಿತು. 80 ದಾಟಿದವರಲ್ಲಿ ಬಹುಪಾಲು ಜನ ಮತಗಟ್ಟೆಗೇ ಬರಲು ಇಷ್ಟಪಟ್ಟರೆಂಬುದು ಈ ಬದಲಾವಣೆಗೆ ಕೊಟ್ಟ ಕಾರಣ. ಇದು ನಮಗೆ ಒಪ್ಪಿಗೆಯಾಗುವಂಥದಲ್ಲ. ಇಷ್ಟಪಟ್ಟವರು ಸ್ವಲ್ಪ ಮಂದಿಯೇ ಆದರೆ ಅವರ ಮನೆಗೆ ಹೋಗುವ ಶ್ರಮವೂ ಸ್ವಲ್ಪವೇ ಅಲ್ಲವೆ? ಅಲ್ಲದೆ, ಬೇಡವೆಂದವರೆಷ್ಟು, ಇಂಥದೊಂದು ಉಂಟೆಂದೇ ತಿಳಿಯದವರೆಷ್ಟು, ತಿಳಿಯುವುದರೊಳಗೆ ವಾಯಿದೆ ಮೀರಿದವರೆಷ್ಟು ಎಂದು ಬಿಡಿಸಿ ನೋಡದೆ, ಎಲ್ಲರನ್ನೂ ‘ಇಷ್ಟಪಡದವರು’ ಎಂಬ ಒಂದೇ ಕಟ್ಟಿಗೆ ಕಟ್ಟುವುದು ನ್ಯಾಯವಲ್ಲ.

ಆ ವಾಯಿದೆಯಾದರೂ ಎಂಥದು! ಮನೆಯಿಂದ ಓಟು ಕೊಡಬಯಸುವವರು ನಮೂನೆ 12ಡಿಯಲ್ಲಿ ಬರೆದುಕೊಡಬೇಕು. ಚುನಾವಣೆಯ ಅಧಿಸೂಚನೆ ಹೊರಟ ತರುವಾಯ ಐದು ದಿನಗಳೊಳಗೆ ಅದು ಚುನಾವಣಾಧಿಕಾರಿಗೆ ಮುಟ್ಟಬೇಕು. 2024ರಲ್ಲಿ ನಮ್ಮ ಕ್ಷೇತ್ರದ ಅಧಿಸೂಚನೆ ಏಪ್ರಿಲ್ 12, ಶುಕ್ರವಾರ. ಮರುದಿನ 13 ಎರಡನೆಯ ಶನಿವಾರ. 14 ಆದಿತ್ಯವಾರ, ಮೇಲಾಗಿ ಅಂಬೇಡ್ಕರ್ ಜಯಂತಿ. 15, 16 ಕೆಲಸದ ದಿನಗಳು. 17, ಅಂದರೆ ಐದನೆಯ ದಿನ, ಶ್ರೀರಾಮನವಮಿ. ಚುನಾವಣೆಯ ಕಾಲದಲ್ಲಿ ಚುನಾವಣಾ ಕಚೇರಿಗಳಿಗೆ ರಜೆಯಿಲ್ಲವೆಂಬುದನ್ನು ಬಲ್ಲೆವು. ಬೂತ್ ಮಟ್ಟದ ಅಧಿಕಾರಿಗಳು ಮನೆ ಮನೆಗೆ ಹೋಗಿ ಈ ನಮೂನೆಯನ್ನು ಕೊಡತಕ್ಕದ್ದೆಂಬ ಅಪ್ಪಣೆಯೂ ಇದೆ, ಅವರಲ್ಲಿ ಎಷ್ಟೋ ಮಂದಿ ಅಂಗನವಾಡಿಯ ಕಾರ್ಯಕರ್ತೆಯರೂ ಉಪಾಧ್ಯಾಯರೂ ಬಿಸಿಲಿನಲ್ಲಿ ಬೀದಿ ಸುತ್ತಿದ್ದನ್ನು ನಾವು ಕಣ್ಣಾರೆ ಕಂಡು ಮೆಚ್ಚಿದ್ದೇವೆ. ಆದರೆ ಅಂಗವಿಕಲನಾದವನು ಪ್ರಮಾಣಪತ್ರದ ನಕಲನ್ನು ಲಗತ್ತಿಸಬೇಕು. ಪ್ರಮಾಣಪತ್ರ ಹಳೆಯದಾಗಿ ಅಕ್ಷರ ಅಳಿಸಿದ್ದರೆ, ಮಗನ ಬಳಿ ಬೆಂಗಳೂರಿನಲ್ಲಿದ್ದರೆ, ಆಸ್ಪತ್ರೆಯಿಂದ ಹೊಸದನ್ನು ತರಬೇಕಾದರೆ, ಇಷ್ಟು ಕೆಲವೇ ದಿನಗಳಲ್ಲಿ ಏನಾದೀತು? ಆರೆಗಾನಿನಲ್ಲಿ ಮತಪತ್ರವು ಕೇಳದೆಯೇ ಬರುತ್ತದೆ. ಇಲ್ಲಿ ಕೇಳಲು ಐದು ದಿನ. ಸಕಲಾಂಗರಿಗೆ ತಿಂಗಳುಗಟ್ಟಲೆ ಅವಕಾಶ, ಎದ್ದು ನಡೆಯಲಾರದವರಿಗೆ ಐದು ದಿನದ ಅವಕಾಶ ಎಂಬುದು ವಿಪರೀತವಾಗಿ ತೋರುತ್ತದೆ.

ಇಷ್ಟು ಹೇಳಿದ ಮೇಲೆ, ಮನೆಗೆ ಬಂದು ಓಟು ಪಡೆಯುವ ನಮ್ಮ ಪದ್ಧತಿಯಲ್ಲಿ ಒಂದು ಹೆಚ್ಚಳವುಂಟೆಂಬುದನ್ನು ಮರೆಮಾಚಲಾಗದು. ಆರೆಗಾನಿನಂತೆ ಮತಪತ್ರಗಳನ್ನು ಮನೆಗೆ ಎಸೆದುಹೋದರೆ ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಏನಾದೀತು? ಮನೆಯ ಯಜಮಾನನು ಆರು ಮತಪತ್ರಗಳನ್ನೂ ತನ್ನ ಮೇಜಿನ ಮೇಲೆ ಇಟ್ಟುಕೊಂಡು ಆರಕ್ಕೂ ತಾನೇ ಗುರುತು ಹಾಕಿ, ಸೊಸೆಯಂದಿರಿಂದ ರುಜು ಹಾಕಿಸಿಕೊಂಡಾನು. ಧಣಿಯು ಆಳಿನ ಮತಪತ್ರವನ್ನು, ಸಾಲ ಕೊಟ್ಟವನು ಸಾಲಗಾರನ ಮತಪತ್ರವನ್ನು ಕೇಳಿಯಾನು. ಮತಗಟ್ಟೆಯ ರಟ್ಟಿನ ಮರೆಯ ಹಿಂದೆ ಒಂದು ನಿಮಿಷದ ಮಟ್ಟಿಗಾದರೂ ಸೊಸೆಗೆ ಅತ್ತೆಯಿಲ್ಲ, ಆಳಿಗೆ ಧಣಿಯಿಲ್ಲ. ಆ ಒಂದು ನಿಮಿಷವನ್ನು ಅಂಚೆಯ ಸೌಕರ್ಯಕ್ಕಾಗಿ ಮಾರಿಕೊಳ್ಳಬಾರದು. ಮನೆಯ ಓಟಿನಲ್ಲಿ ಇಬ್ಬರು ಮತಗಟ್ಟೆ ಅಧಿಕಾರಿಗಳು, ಪೊಲೀಸಿನವರು, ಚಿತ್ರೀಕರಣ ಮಾಡುವವರು ಬಂದು, ರಹಸ್ಯಕ್ಕೆ ಮರೆಯನ್ನು ಕಟ್ಟಿ, ಅಭ್ಯರ್ಥಿಗಳ ಪ್ರತಿನಿಧಿಗಳಿಗೂ ಮುಂಚೆಯೇ ತಿಳಿಸಿ ಓಟು ಪಡೆಯುವುದರಿಂದ ಈ ಭಯ ಬಹುಮಟ್ಟಿಗೆ ತಪ್ಪುತ್ತದೆ. ಓಟುದಾರರು ಇಷ್ಟನ್ನು ನೆನಪಿಡಬೇಕು: ಅಧಿಕಾರಿಗಳು ಬಂದಾಗ ಮನೆಯಲ್ಲಿಲ್ಲದಿದ್ದರೆ ಇನ್ನೊಂದು ಸಲ ಮಾತ್ರ ಬರುತ್ತಾರೆ, ಮನೆಯ ಓಟಿನ ಪಟ್ಟಿಗೆ ಒಮ್ಮೆ ಹೆಸರು ಹೋದವರಿಗೆ ಮತಗಟ್ಟೆಯಲ್ಲಿ ಯಂತ್ರದ ಓಟಿಲ್ಲ.

ನಮ್ಮ ವಾಚಕರಲ್ಲಿ ಸರ್ಕಾರಿ ನೌಕರರೂ ಉಪಾಧ್ಯಾಯರೂ ಬಹಳವಾದುದರಿಂದ ಅವರ ವಿಷಯವನ್ನು ಪ್ರತ್ಯೇಕವಾಗಿ ಹೇಳುತ್ತೇವೆ. ಅನ್ಯರ ಓಟನ್ನು ಕಾಯುವವರು ತಮ್ಮ ಓಟನ್ನು ಕಳೆದುಕೊಳ್ಳುವುದು ವಿಪರ್ಯಾಸವೇ ಸರಿ. ವಿಧಾನಸಭಾ ಚುನಾವಣೆಯಲ್ಲಿ ದಾವಣಗೆರೆಯ ಉಪಾಧ್ಯಾಯನನ್ನು ಚನ್ನಗಿರಿಗೆ ಹಾಕಿದರೆ ಅದು ಅವನ ಕ್ಷೇತ್ರವಲ್ಲ. ನಮೂನೆ 12ರಲ್ಲಿ ಅರ್ಜಿ ಕೊಟ್ಟು ಟಪಾಲು ಮತಪತ್ರ ಪಡೆಯಬೇಕು. ಲೋಕಸಭಾ ಚುನಾವಣೆಯಲ್ಲಾದರೋ ಚನ್ನಗಿರಿಯೂ ದಾವಣಗೆರೆ ಕ್ಷೇತ್ರದ ಒಳಗೇ ಇರುವುದರಿಂದ ಅದೇ ಉಪಾಧ್ಯಾಯನು ನಮೂನೆ 12ಎಯಲ್ಲಿ ಚುನಾವಣಾ ಕರ್ತವ್ಯ ಪ್ರಮಾಣಪತ್ರವನ್ನು ಪಡೆದು, ತಾನು ಕೆಲಸ ಮಾಡುವ ಮತಗಟ್ಟೆಯಲ್ಲಿಯೇ ಯಂತ್ರದ ಮೂಲಕ ಓಟು ಕೊಡಬಹುದು. ಎರಡಕ್ಕೂ ಬೇರೆ ಬೇರೆ ನಮೂನೆಯೆಂಬುದನ್ನು ತಿಳಿಯದೆ ಎಷ್ಟೋ ಅರ್ಜಿಗಳು ಅಡ್ಡದಾರಿ ಹಿಡಿಯುತ್ತವೆ. ಹಿಂದೆ ಮತಪತ್ರವನ್ನು ಮನೆಗೆ ಕೊಂಡೊಯ್ದು ಎಣಿಕೆಯ ದಿನ ಬೆಳಗಿನ 8 ಗಂಟೆಯವರೆಗೆ ಯಾವಾಗ ಬೇಕಾದರೂ ಮುಟ್ಟಿಸಬಹುದಾಗಿತ್ತು. ಅಷ್ಟು ದಿನ ಕೈಯಲ್ಲಿರುವ ಮತಪತ್ರಕ್ಕೆ ಬೆಲೆ ಕಟ್ಟುವವರೂ ಹುಟ್ಟಿಕೊಳ್ಳುತ್ತಿದ್ದರು. 2023ರ ಆಗಸ್ಟ್ ತಿಂಗಳಿನಲ್ಲಿ ನಿಯಮವನ್ನು ತಿದ್ದಿ, ಕರ್ತವ್ಯದ ಮೇಲಿರುವವರು ಸೌಲಭ್ಯ ಕೇಂದ್ರದಲ್ಲಿಯೇ ಮತಪತ್ರ ಪಡೆದು, ಅಲ್ಲಿಯೇ ಗುರುತು ಹಾಕಿ, ಅಲ್ಲಿಯೇ ಒಪ್ಪಿಸತಕ್ಕದ್ದೆಂದು ಮಾಡಿರುವುದು ಯೋಗ್ಯವಾದ ಕಾರ್ಯ.

ಲಕೋಟೆಯ ವಿಧಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳದೆ ವಿಧಿಯಿಲ್ಲ. ಟಪಾಲಿನ ಓಟು ಹಾಳಾಗುವುದು ಬಹುತೇಕ ಇಲ್ಲಿಯೇ. ಲಕೋಟೆಗಳು ಎರಡು. ಗುರುತು ಹಾಕಿದ ಮತಪತ್ರವನ್ನು ಚಿಕ್ಕ ಲಕೋಟೆಯಲ್ಲಿಟ್ಟು ಅಂಟಿಸಬೇಕು. ಆ ಲಕೋಟೆಯ ಮೇಲೆ ಮತಪತ್ರದ ಕ್ರಮಾಂಕವಿರಬೇಕು. ನಮೂನೆ 13ಎ ಎಂಬ ಪ್ರಮಾಣ ಹೇಳಿಕೆಯಲ್ಲಿ ಓಟುದಾರನು ರುಜು ಹಾಕಿ ಅಧಿಕಾರವುಳ್ಳವರಿಂದ ದೃಢೀಕರಣ ಪಡೆಯಬೇಕು. ಚಿಕ್ಕ ಲಕೋಟೆಯನ್ನೂ ಈ ಹೇಳಿಕೆಯನ್ನೂ ಬೇರೆ ಬೇರೆಯಾಗಿ ದೊಡ್ಡ ಲಕೋಟೆಯೊಳಗೆ ಇಡಬೇಕು. ಎಣಿಕೆಯ ದಿನ ಮೊದಲು ದೊಡ್ಡ ಲಕೋಟೆಯನ್ನು ತೆರೆದು ಹೇಳಿಕೆಯನ್ನು ನೋಡುತ್ತಾರೆ. ಹೇಳಿಕೆಯಿಲ್ಲದಿದ್ದರೆ, ರುಜುವಿಲ್ಲದಿದ್ದರೆ, ದೃಢೀಕರಣವಿಲ್ಲದಿದ್ದರೆ, ಹೇಳಿಕೆಯ ಕ್ರಮಾಂಕವೊಂದು ಲಕೋಟೆಯ ಕ್ರಮಾಂಕವೊಂದು ಆಗಿದ್ದರೆ, ಚಿಕ್ಕ ಲಕೋಟೆಯನ್ನು ತೆರೆಯುವುದೇ ಇಲ್ಲ, ಓಟು ತಿರಸ್ಕೃತ. ಹೇಳಿಕೆಯನ್ನು ಭಯಭಕ್ತಿಯಿಂದ ಮಡಿಸಿ ಮತಪತ್ರದೊಂದಿಗೆ ಚಿಕ್ಕ ಲಕೋಟೆಯೊಳಕ್ಕೆ ಸೇರಿಸಿ ಅಂಟಿಸಿದವನ ಓಟಿಗೂ ಇದೇ ಗತಿ. ಹೇಳಿಕೆ ಒಳಗಿದೆಯೆಂದು ಯಾರಿಗೂ ಕಾಣುವುದಿಲ್ಲ. ಮತಪತ್ರದ ಮೇಲೆ ಹೆಸರು ಬರೆದವನ ಓಟೂ ಹೋದಂತೆಯೇ.

ಒಂದೆರಡು ಓಟು ಹೋದರೇನಾಯಿತೆಂಬವರಿಗೆ ಕನ್ನಡ ನಾಡಿನಲ್ಲಿಯೇ ಉತ್ತರವಿದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣರು ಗೆದ್ದದ್ದು ಒಂದೇ ಓಟಿನಿಂದ. 2023ರ ಮೇ 13ರಂದು ಬೆಂಗಳೂರಿನ ಜಯನಗರದಲ್ಲಿ ತಿರಸ್ಕೃತ ಟಪಾಲು ಮತಗಳನ್ನು ಮತ್ತೆ ನೋಡಬೇಕೆಂಬ ವಾದವಿವಾದಗಳು ಹೊತ್ತು ಮುಳುಗಿದ ಮೇಲೂ ನಡೆದು, ಕಡೆಗೆ ಅಂತರ 16 ಓಟುಗಳೆಂದು ಸಾರಲಾಯಿತು. ನಮ್ಮ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿಯೇ 2009ರಲ್ಲಿ ಎಂಟು ಲಕ್ಷಕ್ಕೂ ಮಿಕ್ಕ ಓಟುಗಳ ನಡುವೆ ಸೋಲುಗೆಲುವುಗಳ ಅಂತರ ಎರಡು ಸಾವಿರ ಚಿಲ್ಲರೆ. ಇಂಥ ಸ್ಥಿತಿಯಲ್ಲಿ ಒಂದು ರುಜು ಮರೆತದ್ದಕ್ಕಾಗಿ ಓಟನ್ನು ತೆರೆಯದೆ ಬದಿಗಿಡುವುದು, ಆ ಓಟುದಾರನಿಗೆ ತನ್ನ ಓಟು ಹೋಯಿತೆಂಬುದು ಎಂದೆಂದಿಗೂ ತಿಳಿಯದಿರುವುದು, ಪ್ರಜಾಪ್ರಭುತ್ವಕ್ಕೆ ಒಪ್ಪುವ ಮಾತಲ್ಲ. ಆರೆಗಾನಿನ ಪದ್ಧತಿಯಲ್ಲಿ ನಾವು ಕಲಿಯಬೇಕಾದದ್ದು ಮತಗಟ್ಟೆಯನ್ನು ಮುಚ್ಚುವುದನ್ನಲ್ಲ, ಓಟುದಾರನನ್ನು ಕರೆದು ‘ಅಯ್ಯಾ, ನಿನ್ನ ರುಜುವಿನಲ್ಲಿ ಲೋಪವಿದೆ, ಸರಿಮಾಡಿಕೊಡು’ ಎಂದು ಕೇಳುವ ಸೌಜನ್ಯವನ್ನು. ಸೌಲಭ್ಯ ಕೇಂದ್ರದಲ್ಲಿಯೇ ಓಟು ಕೊಡುವ ನೌಕರರ ಮಟ್ಟಿಗೆ, ದೊಡ್ಡ ಲಕೋಟೆಯನ್ನು ಅಂಟಿಸುವ ಮುಂಚೆ ಹೇಳಿಕೆಯನ್ನು ಅಲ್ಲಿಯ ಅಧಿಕಾರಿಯು ಒಮ್ಮೆ ನೋಡಿ ಹಿಂದಿರುಗಿಸುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಹೇಳಿಕೆಯಲ್ಲಿ ಓಟಿನ ಗುಟ್ಟಿಲ್ಲ.

ಸೈನಿಕರ ಸ್ಥಿತಿ ಮೊದಲಿಗಿಂತ ಮೇಲು. 2016ರಿಂದ ಮತಪತ್ರವು ಅವರಿಗೆ ವಿದ್ಯುನ್ಮಾನದ ಮೂಲಕ ಹೋಗುತ್ತದೆ; ಅಚ್ಚು ತೆಗೆದು, ಗುರುತು ಹಾಕಿ, ಅಂಚೆಯಲ್ಲಿ ಕಳುಹಿಸುತ್ತಾರೆ. ಹೋಗುವ ದಾರಿ ಕ್ಷಣದ್ದಾಯಿತು, ಬರುವ ದಾರಿ ಮಾತ್ರ ಹಿಂದಿನಂತೆಯೇ ಅಂಚೆಚೀಲದ್ದು. 2024ರಲ್ಲಿ ನಾಮಪತ್ರ ಹಿಂತೆಗೆದುಕೊಳ್ಳುವ ದಿನ ಏಪ್ರಿಲ್ 22, ಎಣಿಕೆ ಜೂನ್ 4. ಆರು ವಾರಗಳ ಅವಕಾಶ ದೊರೆಯಿತು. 2023ರ ವಿಧಾನಸಭಾ ಚುನಾವಣೆಯಲ್ಲಾದರೋ ಏಪ್ರಿಲ್ 24ರಿಂದ ಮೇ 13ರವರೆಗೆ 19 ದಿನ ಮಾತ್ರ. ಆದುದರಿಂದ ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿರುವ ನಮ್ಮ ಜಿಲ್ಲೆಯ ತಂದೆತಾಯಿಗಳು, ವಿಧಾನಸಭಾ ಚುನಾವಣೆಯ ಕಾಲದಲ್ಲಿ, ಮತಪತ್ರ ಕೈಸೇರಿದ ದಿನವೇ ಅಂಚೆಗೆ ಹಾಕೆಂದು ಮಕ್ಕಳಿಗೆ ಫೋನಿನಲ್ಲಿ ಹೇಳುವುದು ಒಳ್ಳೆಯದು.

ಯಾವ ಸೌಕರ್ಯವೂ ಇಲ್ಲದವರು ಇಬ್ಬರುಂಟು. ಒಬ್ಬನು ಸಮುದ್ರದಾಚೆಯವನು. ಸಿಯಾಟಲ್‌ನಲ್ಲೋ ಪೋರ್ಟ್‌ಲೆಂಡಿನಲ್ಲೋ ಇರುವ ದಾವಣಗೆರೆಯ ಎಂಜಿನಿಯರನು ಆ ದೇಶದ ಪೌರತ್ವವನ್ನು ಪಡೆದರೆ ಮನೆಯ ಊಟದ ಮೇಜಿನ ಮೇಲೆಯೇ ಆ ದೇಶದ ಅಧ್ಯಕ್ಷನಿಗೆ ಓಟು ಹಾಕಬಲ್ಲನು. ಭಾರತದ ಪೌರನಾಗಿಯೇ ಉಳಿದರೆ, ನಮೂನೆ 6ಎಯಲ್ಲಿ ಹೆಸರು ಬರೆಯಿಸಿಕೊಳ್ಳಬಹುದಾದರೂ, ಓಟಿನ ದಿನ ಪಾಸ್‌ಪೋರ್ಟನ್ನು ಹಿಡಿದು ತಾನೇ ತನ್ನ ಊರಿನ ಮತಗಟ್ಟೆಗೆ ಬರಬೇಕು. 2018ರಲ್ಲಿ ಪ್ರತಿನಿಧಿಯ ಮೂಲಕ ಓಟು ಕೊಡಿಸುವ ಮಸೂದೆಯು ಲೋಕಸಭೆಯಲ್ಲಿ ಅಂಗೀಕೃತವಾಗಿ, ಆ ಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. 2020ರಲ್ಲಿ ಆಯೋಗವು ವಿದ್ಯುನ್ಮಾನ ಟಪಾಲು ಮತಪತ್ರವನ್ನು ಇವರಿಗೂ ಕೊಡಬಹುದೆಂದು ಬರೆಯಿತು. ಎರಡನೆಯವನು ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋದ ನಮ್ಮ ಜಗಳೂರು, ಹರಪನಹಳ್ಳಿ ಕಡೆಯ ಕೂಲಿಯವನು. ಅವನಿಗಾಗಿ ದೂರದಿಂದ ಓಟು ಕೊಡುವ ಯಂತ್ರವೊಂದನ್ನು ಆಯೋಗವು 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಪಕ್ಷಗಳ ಸಂಶಯ ತೀರದೆ ಕಾರ್ಯ ಮುಂದುವರಿಯಲಿಲ್ಲ. ಈ ಇಬ್ಬರಲ್ಲಿ ಮೊದಲು ಯಾರಿಗೆ ದಾರಿ ಮಾಡಬೇಕೆಂದರೆ ನಾವು ಕೂಲಿಯವನಿಗೆಂದು ನಿಸ್ಸಂಕೋಚವಾಗಿ ಹೇಳುತ್ತೇವೆ. ಎಂಜಿನಿಯರನಿಗೆ ವಿಮಾನದ ಟಿಕೇಟು ಕೊಳ್ಳುವ ಶಕ್ತಿಯಾದರೂ ಇದೆ. ಕೂಲಿಯವನಿಗೆ ಊರಿಗೆ ಬಂದುಹೋಗಲು ಎರಡು ದಿನದ ಕೂಲಿ ಹೋಗುತ್ತದೆ. ಆ ಖರ್ಚನ್ನು ಕೊಟ್ಟು ಕರೆತರುವವರು ಯಾರು, ಏತಕ್ಕೆ ಕರೆತರುತ್ತಾರೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮೇಲಿನವರು ಮಾಡಬೇಕಾದದ್ದು ಮೂರು. ನಮೂನೆ 12ಡಿಯ ವಾಯಿದೆಯು ಚುನಾವಣೆ ಘೋಷಣೆಯಾದ ದಿನದಿಂದಲೇ ಸ್ಪಷ್ಟವಾಗಿ ತೊಡಗಿ ಅಧಿಸೂಚನೆಯ ಮೇಲೆ ಕಡಮೆಯೆಂದರೆ ಹತ್ತು ದಿನವಿರಬೇಕು. 2024ರಲ್ಲಿ ಘೋಷಣೆ ಮಾರ್ಚಿ 16ಕ್ಕೇ ಆಗಿದ್ದುದರಿಂದ ಕಾಲಕ್ಕೇನೂ ಬರಗಾಲವಿರಲಿಲ್ಲ. ವಯಸ್ಸಿನ ಮಿತಿಯನ್ನು ಮತ್ತೆ 80ಕ್ಕೆ ಇಳಿಸಬೇಕು. ಹೇಳಿಕೆಯ ಲೋಪವನ್ನು ಎಣಿಕೆಯ ದಿನಕ್ಕೆ ಮುಂಚೆ ಸರಿಪಡಿಸಿಕೊಳ್ಳಲು ದಾರಿಯಿರಬೇಕು. ಇವಕ್ಕೆ ದೆಹಲಿಯಲ್ಲಿ ನಿಯಮ ತಿದ್ದಬೇಕಾದೀತು. ಆದರೆ 85 ದಾಟಿದವರ ಮತ್ತು ಅಂಗವಿಕಲರ ಹೆಸರುಗಳು ಪಟ್ಟಿಯಲ್ಲಿ ಈಗಾಗಲೇ ಗುರುತಾಗಿರುತ್ತವೆ. ಚುನಾವಣೆ ದೂರವಿರುವಾಗಲೇ ಅವರ ಮನೆಗಳಿಗೆ ಹೋಗಿ, ಪ್ರಮಾಣಪತ್ರಗಳನ್ನು ಹೊಂದಿಸಿಕೊಳ್ಳಿರೆಂದು ತಿಳಿಸುವುದಕ್ಕೆ ದಾವಣಗೆರೆಯ ಜಿಲ್ಲಾಧಿಕಾರಿಗಳಿಗೂ ಹರಿಹರದ ತಹಸೀಲ್ದಾರರಿಗೂ ದೆಹಲಿಯ ಅಪ್ಪಣೆ ಬೇಕಾಗಿಲ್ಲ. ವಾಚಕರು ತಮ್ಮ ಹೆಸರು ಯಾವ ಭಾಗದಲ್ಲಿ, ಯಾವ ಕ್ರಮಾಂಕದಲ್ಲಿದೆಯೆಂಬುದನ್ನು ಆಯೋಗದ ಜಾಲತಾಣದಲ್ಲಿಯೋ 1950 ಎಂಬ ದೂರವಾಣಿ ಸಂಖ್ಯೆಯಲ್ಲಿಯೋ ತಿಳಿಯಬಹುದು. ಅದರೊಂದಿಗೆ ಪಕ್ಕದ ಮನೆಯ ವೃದ್ಧರ ಹೆಸರನ್ನೂ ನೋಡಿಕೊಟ್ಟರೆ ಐದು ನಿಮಿಷದ ಕೆಲಸ.